ಎರಡನೆಯ ಅರ್ಥ

ನಾನು ನಿಘಂಟಿನ ಕೆಲಸದವನು. ಮೂವತ್ತೆಂಟು ವರ್ಷ ಇಂಗ್ಲಿಷ್ ಪದಗಳಿಗೆ ನಮ್ಮ ಭಾಷೆಯಲ್ಲಿ ಅರ್ಥ ಬರೆದುಕೊಂಡು ಬಂದೆ. ನಮ್ಮಂಥವರನ್ನು ಜನ ನಿರುಪದ್ರವಿಗಳು ಅಂದುಕೊಂಡಿದ್ದಾರೆ. ಒಂದು ಮೇಜು, ಒಂದು ಪೆನ್ಸಿಲ್ಲು, ಒಂದಷ್ಟು ಚೀಟಿ ಇಟ್ಟುಕೊಂಡು ಕೂತ ಮುದುಕ ಯಾರಿಗೆ ತಾನೇ ಏನು ಕೇಡು ಮಾಡಿಯಾನು? ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಮಗಳ ಕೈಯಿಂದ ಅವಳ ಮಗುವನ್ನು ಕಿತ್ತುಕೊಳ್ಳಲು ಎದುರು ಪಕ್ಷದ ವಕೀಲ ನನ್ನದೇ ನಿಘಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ ದಿನದವರೆಗೂ ಅಂದುಕೊಂಡಿದ್ದೆ.

ಅಳಿಯ ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಮಧ್ಯಾಹ್ನ ಎರಡರಿಂದ ಎಂಟರವರೆಗೆ ಅವಳ ಪಾಳಿ. ಮೊಮ್ಮಗಳಿಗೆ ಏಳು ವರ್ಷ. ಮೂರೂವರೆಗೆ ಶಾಲೆ ಬಿಟ್ಟರೆ ಅವಳನ್ನು ಕರೆತಂದು, ತಿನ್ನಲು ಕೊಟ್ಟು, ಲೆಕ್ಕ ಮಾಡಿಸಿ, ಜಗಳವಾಡಿ, ರಾಜಿಯಾಗಿ, ತಾಯಿ ಬರುವವರೆಗೆ ನೋಡಿಕೊಳ್ಳುವುದು ನನ್ನ ಕೆಲಸ. ನನ್ನ ಹೆಂಡತಿ ಹೋದ ಮೇಲೆ ಆ ಮನೆಯಲ್ಲಿ ದೊಡ್ಡವರು ಅಂತ ಇದ್ದದ್ದು ನಾವಿಬ್ಬರೇ.

ಬೀಗಿತ್ತಿಗೆ ಇದ್ದವನು ಒಬ್ಬನೇ ಮಗ. ಅವನು ಹೋದ ಮೇಲೆ ಆಕೆಗೆ ಮೊಮ್ಮಗಳೇ ಜೀವ. ಅದನ್ನು ನಾನು ತಪ್ಪೆನ್ನುವುದಿಲ್ಲ. ವಾರಕ್ಕೊಮ್ಮೆ ಬರುತ್ತಿದ್ದರು, ಮಗುವಿಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದರು. ಒಂದು ದಿನ ಬಾಚುತ್ತಾ ಬಾಚುತ್ತಾ, ಮಲಗುವ ಮೊದಲು ದೇವರಿಗೆ ಕೈ ಮುಗಿಯುತ್ತೀಯಾ ಅಂತ ಕೇಳಿದರು. ಮಗು, ಅಮ್ಮ ಮುಗಿಯಲ್ಲ, ತಾತ ಮುಗೀತಾನೆ, ನನಗೆ ಯಾರ ಥರ ಬೇಕೋ ಹಾಗೆ ಮಾಡು ಅಂದಿದ್ದಾಳೆ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿತು. ಬೀಗಿತ್ತಿಯ ಕೈಯಲ್ಲಿ ಬಾಚಣಿಗೆ ಅಲ್ಲೇ ನಿಂತಿತು. ತಿಂಗಳೊಳಗೆ ನ್ಯಾಯಾಲಯದಿಂದ ಕಾಗದ ಬಂತು. ದೇವರಿಲ್ಲ ಅನ್ನುವವಳ ಕೈಯಲ್ಲಿ ತಮ್ಮ ಮಗನ ಕೂಸು ಬೆಳೆಯಬಾರದು, ಅದನ್ನು ತಮಗೆ ಒಪ್ಪಿಸಬೇಕು ಅಂತ ಆಕೆಯ ಅರ್ಜಿ.

ಕಾಗದದ ಜೊತೆ ತುಂಬಿಕೊಡಬೇಕಾದ ಒಂದು ಫಾರಂ ಇತ್ತು. ಅದರಲ್ಲಿ ಧರ್ಮ ಅಂತ ಒಂದು ಕಾಲಂ. ಮಗಳು ಅಲ್ಲಿ ದಪ್ಪ ಅಕ್ಷರದಲ್ಲಿ 'ಎಥೀಯಿಸ್ಟ್' ಅಂತ ಇಂಗ್ಲಿಷಿನಲ್ಲಿ ಬರೆದಳು. ಖಾಲಿ ಬಿಟ್ಟರೆ ಗಂಟೇನು ಹೋಗುತ್ತದೆ ಅಂತ ನಾನು ರೇಗಿದೆ. ಬರೆಯಲೇಬೇಕು ಅಂತಿದ್ದರೆ ನಮ್ಮ ಭಾಷೆಯಲ್ಲಿ ಪದವಿಲ್ಲವೇ ಅಂತಲೂ ಕೇಳಿದೆ. ನನ್ನ ಕಸುಬಿನ ಚಟ.

"ನಾಸ್ತಿಕಳು ಅಂದ್ರೆ ಬೈದ ಹಾಗೆ ಕೇಳಿಸ್ಕೋತಾರೆ ಅಪ್ಪ," ಅಂದಳು. "ಈ ಪದಕ್ಕೆ ಆ ಕೊಳೆ ಇಲ್ಲ. ದೇವರಿದ್ದಾನೆ ಅಂತ ನಾನು ನಂಬಲ್ಲ, ಅಷ್ಟೇ ಇದರರ್ಥ."

ಅಷ್ಟೇ ಅದರರ್ಥವಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮೊದಲ ವಿಚಾರಣೆಯ ದಿನ ಬೀಗಿತ್ತಿಯ ವಕೀಲ ಎದ್ದು ನಿಂತ. ನಾನು ಅವನಿಗೆ ಬೆಣ್ಣೆ ವಕೀಲ ಅಂತ ಹೆಸರಿಟ್ಟಿದ್ದೆ. ದನಿ ಏರಿಸಿದವನೇ ಅಲ್ಲ. ತಾಯಿ ತಾನೇ ಬರೆದುಕೊಟ್ಟ ಪದ ಇದು, ಅದರ ಅರ್ಥವನ್ನು ಓದುತ್ತೇನೆ ಅಂತ ಗುರುತಿನ ಕಾಗದವಿಟ್ಟಿದ್ದ ಪುಟ ತೆರೆದ. ನಮ್ಮ ಸಂಕ್ಷಿಪ್ತ ನಿಘಂಟು, ನೀಲಿ ರಟ್ಟಿನದು, ಶಾಲೆ ಕಚೇರಿಗಳಲ್ಲೆಲ್ಲ ಇರುವಂಥದ್ದು. "ಒಂದು: ದೇವರಿಲ್ಲವೆಂದು ನಂಬುವ ವ್ಯಕ್ತಿ, ನಾಸ್ತಿಕ. ಎರಡು: ಪಾಪಭೀತಿಯಿಲ್ಲದ ವ್ಯಕ್ತಿ, ನೀತಿಗೆಟ್ಟವ, ನೀತಿಗೆಟ್ಟವಳು." ಪುಸ್ತಕ ಮುಚ್ಚಿ, "ಇದು ನನ್ನ ಮಾತಲ್ಲ ಸ್ವಾಮಿ. ಈ ತಾಯಿಯ ತಂದೆಯವರೇ ಸಂಪಾದಿಸಿದ ಪುಸ್ತಕದ ಮಾತು" ಅಂದ.

ಎಲ್ಲರೂ ನನ್ನ ಕಡೆ ತಿರುಗಿದರು. ಮಗಳು ಮಾತ್ರ ತಿರುಗಲಿಲ್ಲ.

ಆ ಎರಡನೆಯ ಅರ್ಥಕ್ಕೆ ದೊಡ್ಡ ನಿಘಂಟಿನಲ್ಲಿ ಒಂದು ಎಚ್ಚರಿಕೆ ಇತ್ತು: 'ಕೋಪದಲ್ಲಿ ಬೈಗುಳವಾಗಿ ಮಾತ್ರ.' ಸಂಕ್ಷಿಪ್ತ ಮಾಡುವಾಗ ಆ ಪುಟ ಒಂದು ಸಾಲು ಹೆಚ್ಚಾಗಿ ಮುಂದಿನ ಪುಟಕ್ಕೆ ಉರುಳುತ್ತಿತ್ತು. ಉರುಳಿದರೆ ಮುಂದಿನ ಇಪ್ಪತ್ತು ಪುಟ ಮತ್ತೆ ಜೋಡಿಸಬೇಕು; ಅಚ್ಚಿನ ಮನೆಯವರು ಬಾಗಿಲಲ್ಲಿ ನಿಂತಿದ್ದರು. ಎಲ್ಲಿ ಮೂರು ಮಾತು ಕಡಿಮೆ ಮಾಡಲಿ ಅಂತ ಪೆನ್ಸಿಲ್ಲಿನಲ್ಲಿ ಹುಡುಕಿದವನಿಗೆ ಸಿಕ್ಕಿದ್ದು ಅದು. ಹೊಡೆದು ಹಾಕಿದೆ. ಸಾಲು ಉಳಿಯಿತು ಅಂತ ಹೊಟ್ಟೆ ತಣ್ಣಗಾಗಿ ಕಾಫಿ ಕುಡಿಯಲು ಹೋದೆ.

ನಮ್ಮ ವಕೀಲಮ್ಮ ಚುರುಕಿನ ಹೆಣ್ಣುಮಗಳು. ಮುಂದಿನ ವಾರ ನೀವೇ ಸಾಕ್ಷಿ ಹೇಳಿ, ಆ ಎಚ್ಚರಿಕೆ ಹೇಗೆ ಬಿದ್ದುಹೋಯಿತು ಅಂತ ವಿವರಿಸಿ ಅಂದಳು. ಜೊತೆಗೆ, ಆ ಅರ್ಥ ನಿಘಂಟಿಗೆ ಬಂದದ್ದಾದರೂ ಯಾವ ಆಧಾರದ ಮೇಲೆ, ಅದನ್ನೂ ನೋಡಿಕೊಂಡು ಬನ್ನಿ, ಅವರು ಕೇಳದೆ ಬಿಡುವುದಿಲ್ಲ ಅಂದಳು.

ಆಧಾರ ಅಂದರೆ ಚೀಟಿಗಳು. ನಾವು ಅರ್ಥವನ್ನು ತಲೆಯಿಂದ ಹುಟ್ಟಿಸುವುದಿಲ್ಲ. ಒಂದು ಪದವನ್ನು ಯಾರು ಎಲ್ಲಿ ಹೇಗೆ ಬಳಸಿದರು ಅಂತ ಅಂಗೈಯಗಲದ ಚೀಟಿಯಲ್ಲಿ ಬರೆದು ಡ್ರಾಯರಿನಲ್ಲಿಡುತ್ತೇವೆ. ಪುಸ್ತಕದ್ದಾದರೆ ಪುಟದ ಸಂಖ್ಯೆ. ಆಡಿದ ಮಾತಾದರೆ ಯಾರು ಯಾರಿಗೆ ಆಡಿದ್ದು ಅಂತ. ಮೂರು ಚೀಟಿ ಇದ್ದರೆ ಒಂದು ಅರ್ಥ. ಎರಡೇ ಇದ್ದರೆ, ಎಷ್ಟೇ ಚೆನ್ನಾಗಿರಲಿ, ಅಚ್ಚಿಗೆ ಹೋಗುವಂತಿಲ್ಲ. ಈ ನಿಯಮಕ್ಕಾಗಿ ನಾನು ಎಷ್ಟೋ ಜನರ ಜೊತೆ ಮಾತು ಬಿಟ್ಟಿದ್ದೇನೆ.

ಮರುದಿನ ಮಧ್ಯಾಹ್ನ, ಡ್ರಾಯರು ನೋಡಿಕೊಳ್ಳುವ ಹೆಂಗಸು ಊಟಕ್ಕೆ ಎದ್ದ ಹೊತ್ತು ನೋಡಿ ನಿಘಂಟಿನ ಕಚೇರಿಯ ಒಳಗೆ ಹೋದೆ. ನಿಂತೇ ಹುಡುಕಿದೆ. ಮೊದಲ ಅರ್ಥಕ್ಕೆ ಇಪ್ಪತ್ತಾರು ಚೀಟಿ. ಎರಡನೆಯದಕ್ಕೆ ಮೂರು, ಒಂದು ದಾರದಲ್ಲಿ ಕಟ್ಟಿದ್ದವು. ಒಂದು ಯಾವನೋ ಹಳೆಯ ಧರ್ಮೋಪದೇಶಕನ ಭಾಷಣದ್ದು. ಇನ್ನೊಂದು ಒಂದು ಕಾದಂಬರಿಯ ಖಳನ ಬಾಯಲ್ಲಿ ಬಂದದ್ದು. ಮೂರನೆಯದು ನನ್ನ ಕೈಬರಹ. 'ಎಥೀಯಿಸ್ಟ್ ಆದವಳಿಗೆ ಪಾಪವೂ ಇಲ್ಲ, ನಾಚಿಕೆಯೂ ಇಲ್ಲ. ನಾಳೆ ಹೆತ್ತ ಮಗುವನ್ನೂ ಬೀದಿಗೆ ಬಿಡುವವಳು ನೀನು.' ಕೆಳಗೆ, ನಿಯಮದ ಪ್ರಕಾರ: 'ಆಡುಮಾತು. ಮನೆ. ತಂದೆ, ಮಗಳಿಗೆ.' ತಾರೀಕು.

ನಾನು ಡ್ರಾಯರು ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟೆ.

ಅವಳಿಗೆ ಆಗ ಹತ್ತೊಂಬತ್ತು. ಊಟದ ಮೇಜಿನಲ್ಲಿ, ಉಪ್ಪು ಕೊಡಿ ಅನ್ನುವಷ್ಟು ಸಲೀಸಾಗಿ, ನಾನು ದೇವರನ್ನು ನಂಬಲ್ಲ ಅಂದಿದ್ದಳು. ನಾನು ನಂಬುವವನು. ಆವತ್ತೂ ನಂಬುತ್ತಿದ್ದೆ, ಇವತ್ತೂ ನಂಬುತ್ತೇನೆ. ತಟ್ಟೆ ತಳ್ಳಿ ಕೂಗಾಡಿದೆ. ಅವಳು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಅದೇ ಮೇಜಿನಲ್ಲಿ, ಎಂಜಲು ಕೈ ತೊಳೆದು ಬಂದು, ಜೇಬಿನಿಂದ ಚೀಟಿ ತೆಗೆದು ಬರೆದೆ. ಪದ ಹೊಸ ಅರ್ಥದಲ್ಲಿ ಬಂದಿತ್ತಲ್ಲ! ಯಾರ ಬಾಯಿಂದ ಬಂದರೇನು, ನಿಘಂಟಿನವನಿಗೆ ಸಿಕ್ಕಿದ್ದು ಸಿಕ್ಕಿದ್ದೇ. ಹೆಂಡತಿ ನನ್ನ ಹಿಂದೆ ನಿಂತು ನೋಡಿದಳು. "ಅಲ್ಲಿ ಮಗಳು ಅಳ್ತಾ ಇದಾಳೆ," ಅಂದಳು, "ನೀವಿಲ್ಲಿ ಬರೀತಾ ಇದೀರಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಎಲ್ಲಿ ಹೋಗುತ್ತದೆ? ಬೇರೆ ಅಪ್ಪಂದಿರ ಮಾತು ಗಾಳಿಗೆ ಹೋಗಿರಬಹುದು. ನನ್ನದು ಡ್ರಾಯರಿಗೆ ಹೋಗಿ, ಮೂರನೆಯ ಚೀಟಿಯಾಗಿ, ಅರ್ಥವಾಗಿ, ಅಚ್ಚಾಗಿ, ಹದಿನೆಂಟು ವರ್ಷದ ಮೇಲೆ ನ್ಯಾಯಾಲಯಕ್ಕೆ ಬಂದು ಅವಳನ್ನೇ ನೀತಿಗೆಟ್ಟವಳು ಅಂದಿತು. ಆ ಚೀಟಿ ಇಲ್ಲದಿದ್ದರೆ ಆ ಅರ್ಥವೇ ಇರುತ್ತಿರಲಿಲ್ಲ.

ಹಾಗೆ ಯೋಚಿಸಿದ ಕೂಡಲೇ ಇನ್ನೊಂದು ಯೋಚನೆ ಬಂತು. ಈಗಲೂ ಅದು ಇಲ್ಲದಿದ್ದರೆ? ಎರಡೇ ಚೀಟಿ ಇದ್ದವು, ನಮ್ಮ ನಿಯಮದ ಪ್ರಕಾರ ಆ ಅರ್ಥ ಅಚ್ಚಾಗಲೇಬಾರದಿತ್ತು, ಅದು ತಪ್ಪು ಅಂತ ಸಂಪಾದಕನೇ ಹೇಳಿದರೆ, ಬೆಣ್ಣೆ ವಕೀಲನ ಬಾಯಿಗೆ ಬೀಗ ಬೀಳುತ್ತದೆ. ದಾರ ಬಿಚ್ಚಿದೆ. ಮೂರನೆಯದನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡೆ. ಎರಡನ್ನು ಮತ್ತೆ ಕಟ್ಟಿ ಇಟ್ಟೆ. ಮೂವತ್ತೆಂಟು ವರ್ಷದಲ್ಲಿ ಒಂದು ಚೀಟಿಯನ್ನೂ ಹಾಗೆ ಮುಟ್ಟಿದವನಲ್ಲ. ಹರಿದು ಹಾಕಲು ಎರಡು ಸಲ ಕೈ ಹೋಯಿತು; ಚೀಟಿ ಹರಿಯುವುದು ನನ್ನ ಕೈಗೆ ಬರಲಿಲ್ಲ. ಕಚೇರಿಯ ಮೆಟ್ಟಿಲ ಮೇಲೆ ನಿಂತು, ನೀನಿಲ್ಲ ಅನ್ನುವವಳ ಪರವಾಗಿ ನಿನ್ನನ್ನೇ ಕೇಳುತ್ತಿದ್ದೇನೆ, ಮಗುವನ್ನು ಅವಳಿಗೇ ಉಳಿಸಿಕೊಡು, ನನಗೆ ಏನಾದರೂ ಮಾಡು ಅಂತ ಬೇಡಿಕೊಂಡೆ. ಬೇಡುತ್ತಾ ಬೇಡುತ್ತಾ ಜೇಬು ಮುಟ್ಟಿ ನೋಡಿಕೊಂಡೆ.

ಮಗಳಿಗೂ ಹೇಳಲಿಲ್ಲ, ವಕೀಲಮ್ಮನಿಗೂ ಹೇಳಲಿಲ್ಲ. ಎರಡೇ ಚೀಟಿ ಅಂದೆ. ವಕೀಲಮ್ಮನ ಮುಖ ಅರಳಿತು. ಮಗಳು ನನ್ನನ್ನು ಒಂದು ಗಳಿಗೆ ನೋಡಿ, "ಸರಿಯಾಗಿ ನೋಡಿದ್ಯಾ ಅಪ್ಪ?" ಅಂದಳು. ನೋಡಿದೆ ಅಂದೆ.

ವಿಚಾರಣೆಯ ದಿನ ಮೊದಲು ಅವಳನ್ನೇ ಕರೆದರು. ದೇವರ ಮೇಲೆ ಆಣೆ ಮಾಡಲು ಒಪ್ಪಲಿಲ್ಲ. ಹೇಳುವುದೆಲ್ಲ ಸತ್ಯ ಅಂತ ಬರಿಯ ಮಾತು ಕೊಟ್ಟಳು. ಬೆಣ್ಣೆ ವಕೀಲ ನಕ್ಕ. ಮಗುವಿಗೂ ದೇವರಿಲ್ಲ ಅಂತ ಹೇಳಿಕೊಡುತ್ತೀರೋ ಅಂತ ಕೇಳಿದ. ಇಲ್ಲ ಅಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಅವಳು, ಹೇಳಿಕೊಡುವುದಿಲ್ಲ, ಆದರೆ ಕೇಳಿದಾಗ ನಾನು ನಂಬುವುದಿಲ್ಲ ಅಂತ ಹೇಳಿದ್ದೇನೆ, ತಾತ ನಂಬುತ್ತಾರೆ ಅಂತಲೂ ಹೇಳಿದ್ದೇನೆ ಅಂದಳು. ಬೀಗಿತ್ತಿ ಕಣ್ಣೊರೆಸಿಕೊಂಡರು. ನನಗೆ ಮಗಳ ಮೇಲೆ ಎಂಥ ಸಿಟ್ಟು ಬಂತೆಂದರೆ, ಹಲ್ಲು ಕಚ್ಚಿ ಕೂತೆ. ಒಂದೇ ಒಂದು ಸಣ್ಣ ಸುಳ್ಳು, ಮಗುವಿಗೋಸ್ಕರ, ಆಡಬಾರದೇ?

ಅವಳಿಂದಾಗದ್ದನ್ನು ಮಾಡಲು ನಾನು ಕಟಕಟೆ ಹತ್ತಿದೆ. ದೇವರ ಮೇಲೆ ಆಣೆ ಮಾಡಿದೆ, ಗಟ್ಟಿಯಾಗಿ. ಎಚ್ಚರಿಕೆಯ ಮಾತು ಹೇಗೆ ಬಿದ್ದುಹೋಯಿತು ಅಂತ ವಿವರಿಸಿದೆ. ಮೂರು ಚೀಟಿಯ ನಿಯಮ ವಿವರಿಸಿದೆ. ಕಚೇರಿಯಿಂದ ತರಿಸಿದ್ದ ಎರಡು ಚೀಟಿಗಳನ್ನು ಮೇಜಿನ ಮೇಲಿಟ್ಟು, ಆ ಅರ್ಥವೇ ತಪ್ಪು, ಅದನ್ನು ತೆಗೆದು ಹಾಕುತ್ತಿದ್ದೇವೆ ಅಂದೆ. ನ್ಯಾಯಾಧೀಶರು ಬರೆದುಕೊಂಡರು. ತಲೆಯಾಡಿಸಿದ ಹಾಗೂ ಇತ್ತು.

ಬೆಣ್ಣೆ ವಕೀಲ ನಿಧಾನವಾಗಿ ಎದ್ದ. ಇಷ್ಟು ಕಟ್ಟುನಿಟ್ಟಿನ ಮನುಷ್ಯರು ಎರಡೇ ಚೀಟಿಗೆ ಅರ್ಥ ಹೇಗೆ ಬರೆದಿರಿ ಅಂತ ಕೇಳಿದ. ವಯಸ್ಸು, ಅವಸರ, ಕಣ್ತಪ್ಪು ಅಂದೆ. ಮೂರನೆಯದು ಇರಲೇ ಇಲ್ಲವೇ ಅಂದ.

"ಇರಲಿಲ್ಲ," ಅಂದೆ.

ಕುರ್ಚಿ ಸರಿದ ಸದ್ದಾಯಿತು. ಮಗಳು ಎದ್ದು ನಿಂತಿದ್ದಳು. ವಕೀಲಮ್ಮ ತೋಳು ಹಿಡಿದು ಕೂರಿಸಲು ನೋಡಿದಳು, ಆಗಲಿಲ್ಲ.

"ಇತ್ತು," ಅಂದಳು ಮಗಳು. "ಮೂರನೇ ಚೀಟಿ ಇತ್ತು. ಆ ಮಾತು ಆಡಿದ್ದು ನಮ್ಮಪ್ಪನೇ, ನನಗೇ. ಬರೆದಿದ್ದೂ ಅವರೇ. ಕಾಲೇಜಿನ ರಜದಲ್ಲಿ ನಾನು ಅವರ ಆಫೀಸಲ್ಲಿ ಚೀಟಿ ಜೋಡಿಸ್ತಾ ಇದ್ದೆ. ಅದನ್ನ ಡ್ರಾಯರಿಗೆ ಹಾಕಿದ್ದು ನಾನು."

ಇದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದು ದಿನವೂ ಅವಳು ಅದನ್ನು ಎತ್ತಿರಲಿಲ್ಲ. ಹತ್ತೊಂಬತ್ತರ ಹುಡುಗಿ ತನ್ನನ್ನು ಬೈದ ಮಾತನ್ನು ತಾನೇ ಓದಿ, ಅಕ್ಷರದ ಕ್ರಮ ನೋಡಿ, ಜಾಗ ತಪ್ಪದ ಹಾಗೆ ಇಟ್ಟು, ಸಂಜೆ ನನ್ನ ಜೊತೆಗೇ ಮನೆಗೆ ನಡೆದು ಬಂದಿದ್ದಳು.

ನ್ಯಾಯಾಧೀಶರು ನನ್ನನ್ನು ನೋಡಿ, ಏನು ಹೇಳುತ್ತೀರಿ ಅಂದರು. ಒಳಜೇಬಿಗೆ ಕೈ ಹಾಕಿದೆ. ಓದಿ ಅಂದರು. ಓದಿದೆ. ಪಾಪವೂ ಇಲ್ಲ, ನಾಚಿಕೆಯೂ ಇಲ್ಲ ಅನ್ನುವುದನ್ನು, ಹೆತ್ತ ಮಗುವನ್ನು ಬೀದಿಗೆ ಬಿಡುವುದನ್ನು, ತಂದೆ ಮಗಳಿಗೆ ಅನ್ನುವುದನ್ನು, ತಾರೀಕನ್ನು ಕೂಡ ಓದಿದೆ. ಬೆಣ್ಣೆ ವಕೀಲ ಏನೂ ಕೇಳದೆ ಕೂತುಕೊಂಡ. ಅವನ ಕೆಲಸವನ್ನು ನಾವೇ ಮಾಡಿಕೊಟ್ಟಿದ್ದೆವು.

ಊಟದ ಹೊತ್ತಿನ ಮೇಲೆ ಆದೇಶ ಬಂತು. ನ್ಯಾಯಾಧೀಶರು ಕೆಟ್ಟವರಲ್ಲ, ದಡ್ಡರೂ ಅಲ್ಲ. ತಾಯಿ ಏನನ್ನು ನಂಬುತ್ತಾಳೆ, ಬಿಡುತ್ತಾಳೆ ಅನ್ನುವುದು ತಮಗೆ ಸಂಬಂಧಿಸಿದ್ದಲ್ಲ. ನಿಘಂಟಿನ ಎರಡನೆಯ ಅರ್ಥವನ್ನು ತಾವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ತನಗೆ ನಷ್ಟವಾಗುತ್ತದೆ ಅಂತ ಗೊತ್ತಿದ್ದೂ ಆಕೆ ಸತ್ಯ ಹೇಳಿದ್ದನ್ನು ಮೆಚ್ಚಿದ್ದಾಗಿ ಬರೆದಿದ್ದರು. ಅಲ್ಲಿಯವರೆಗೆ ಕೇಳಿ ನಾನು ಕಣ್ಣು ಮುಚ್ಚಿ ಕೈ ಮುಗಿದೆ. ಆಮೇಲೆ ಮುಂದಿನದನ್ನು ಓದಿದರು. ಶಾಲೆ ಬಿಟ್ಟಾಗಿನಿಂದ ತಾಯಿಯ ಪಾಳಿ ಮುಗಿಯುವವರೆಗೆ ಮಗು ಇರುವುದು ತಾತನ ಕೈಯಲ್ಲಿ. ಆ ತಾತ ದಾಖಲೆ ಕದ್ದು, ಆಣೆ ಮಾಡಿ, ಸುಳ್ಳು ಹೇಳಿದ ಮನುಷ್ಯ. ಅಂಥವನ ವಶದಲ್ಲಿ ಮಗುವನ್ನು ಬಿಡಲಾಗದು. ಆ ಮನೆಯಲ್ಲಿ ಬೇರೆ ಯಾರೂ ಇಲ್ಲ. ಆದ್ದರಿಂದ ಮುಂದಿನ ಆದೇಶದವರೆಗೆ ಮಗು ತಂದೆಯ ತಾಯಿಯ ಹತ್ತಿರ ಇರತಕ್ಕದ್ದು, ಇವತ್ತಿನಿಂದಲೇ. ತಾಯಿ ಭಾನುವಾರಗಳಂದು ನೋಡಬಹುದು. ನನ್ನ ಸುಳ್ಳಿಗೆ ಬೇರೆ ಕೇಸು ಹಾಕಲು ಹೇಳಿದ್ದರು. ಹಾಕಲಿ, ಜೈಲಿಗೆ ಕಳಿಸಲಿ, ನನ್ನದೇನು ಉಳಿದಿದೆ.

ಹೊರಗಿನ ಕಾರಿಡಾರಿನಲ್ಲಿ ಮಗಳು ಬೆಂಚಿನ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಮಡಿಲಲ್ಲಿ ಒಂದು ಕಾಗದ ಇಟ್ಟುಕೊಂಡು ಮಗುವಿಗೆ ಕಳಿಸಬೇಕಾದ ಸಾಮಾನಿನ ಪಟ್ಟಿ ಬರೆಯುತ್ತಿದ್ದಳು. ಎರಡು ಯೂನಿಫಾರಂ, ರಾತ್ರಿ ಹಾಕುವ ಸಾಕ್ಸು, ಕೆಮ್ಮಿನ ಔಷಧಿ. ನಾನು ಎದುರಿಗೆ ನಿಂತೆ. ಬೈಯಲಿ ಅಂತ ಕಾದೆ. ಕೊನೆಗೆ ನಾನೇ, ಯಾಕೆ ಹೇಳಿದೆ, ಸುಮ್ಮನಿದ್ದಿದ್ದರೆ ಮಗು ಉಳಿಯುತ್ತಿತ್ತಲ್ಲ ಅಂದೆ.

"ಗೊತ್ತು," ಅಂದಳು. ಪೆನ್ನು ನಿಂತಿತು. "ಎದ್ದ ಮೇಲೆ ಗೊತ್ತಾಯ್ತು ಅಪ್ಪ. ಆದ್ರೆ ನನಗೆ ಹೇಳ್ಕೊಳ್ಳೋಕೆ ಮೇಲೆ ಯಾರೂ ಇಲ್ಲ. ಇವತ್ತು ಸುಳ್ಳು ಹೇಳಿ ನಾಳೆ ಕ್ಷಮಿಸು ಅನ್ನೋಕೆ ಆಗಲ್ಲ. ನನ್ನ ಹತ್ರ ಇದ್ದಿದ್ದು ನಾನು ಕೊಟ್ಟ ಮಾತೊಂದೇ."

ಆಮೇಲೆ ತಲೆ ಬಗ್ಗಿಸಿದಳು. ಪಟ್ಟಿಯ ಮೇಲೆ ನೀರು ಬಿತ್ತು. ಹದಿನೆಂಟು ವರ್ಷದ ಹಿಂದೆ ಹಾಕಿದ ಬಾಗಿಲ ಆಚೆ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಈಗ ನೋಡಿದೆ. ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟೆ, ತೆಗೆ ಅನ್ನಲಿಲ್ಲ.

ಮೂರೂವರೆಗೆ ಶಾಲೆಯ ಹತ್ತಿರ ನಾನೇ ಹೋಗಬೇಕಾಯಿತು. ಮನೆಗೆ ಹೋಗಿ ಸೂಟ್‌ಕೇಸು ತುಂಬಿ ಬೀಗಿತ್ತಿಯ ಕಾರಿನಲ್ಲಿಟ್ಟ ಮಗಳಿಗೆ ಶಾಲೆಯ ಕಡೆ ಕಾಲು ಬರಲಿಲ್ಲ. ಬೀಗಿತ್ತಿ ಗೇಟಿನ ಆಚೆ ಕಾರಿನ ಪಕ್ಕ ನಿಂತಿದ್ದರು. ಗೆದ್ದವರ ಮುಖವಾಗಿರಲಿಲ್ಲ ಅವರದು. ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ, ನಾನೂ ಕೊಡಲಿಲ್ಲ. ಗಂಟೆ ಹೊಡೆಯಿತು. ಮೊಮ್ಮಗಳು ಎಂದಿನಂತೆ ಓಡಿ ಬಂದು ಬ್ಯಾಗನ್ನು ನನ್ನ ಹೊಟ್ಟೆಗೆ ಗುದ್ದಿ ಕೊಟ್ಟಳು. ಅಜ್ಜಿಯನ್ನು ನೋಡಿ ಖುಷಿಪಟ್ಟಳು. ಕಾರಿನಲ್ಲಿ ತನ್ನ ಬಟ್ಟೆಯ ಸೂಟ್‌ಕೇಸು ನೋಡಿ ಖುಷಿ ನಿಂತಿತು.

ನಾನು ಮೊಣಕಾಲೂರಿ ಕೂತು, ಸ್ವಲ್ಪ ದಿನ ಅಜ್ಜಿಯ ಮನೆಯಲ್ಲಿರಬೇಕು, ಅಮ್ಮ ಭಾನುವಾರ ಬರುತ್ತಾಳೆ, ನ್ಯಾಯಾಧೀಶರು ಹಾಗೆ ಹೇಳಿದ್ದಾರೆ ಅಂತ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅಮ್ಮ ಏನ್ ತಪ್ಪು ಮಾಡಿದ್ಲು?"

"ಅಮ್ಮ ಏನೂ ಮಾಡಲಿಲ್ಲ ಕಂದಾ. ತಪ್ಪು ಮಾಡಿದ್ದು ನಾನು."

ಅವಳು ನನ್ನ ಮುಖವನ್ನೇ ನೋಡಿದಳು. ಹುಬ್ಬು ಗಂಟಾಯಿತು, ಲೆಕ್ಕ ಕೂಡದಿದ್ದಾಗ ಆಗುವ ಹಾಗೆ.

"ಹಾಗಿದ್ರೆ ನೀನು ಹೋಗು ತಾತ. ನಾನ್ಯಾಕೆ ಹೋಗಬೇಕು?"

ಅಜ್ಜಿ ಕಾರಿನ ಬಾಗಿಲು ತೆರೆದರು. ಅವಳು ನನ್ನ ಅಂಗಿ ಹಿಡಿದುಕೊಂಡಳು. ಒಂದೊಂದೇ ಬೆರಳು ಬಿಡಿಸಿ, ನಾನೇ ಅವಳನ್ನು ಎತ್ತಿ ಒಳಗೆ ಕೂರಿಸಿದೆ.